ಮನೆಯಲ್ಲಿ ಓಡಿದ ರೈಲು ಹಾಲ್‌ನಲ್ಲಿ ಯಾಕೆ ಹಳಿ ತಪ್ಪುತ್ತದೆ? ಮಾಡ್ಯೂಲ್ ಚೌಕಟ್ಟಿನ ದೋಷ ಹುಡುಕುವ ಬಗೆ

ಮನೆಯಲ್ಲಿ ತಿಂಗಳುಗಟ್ಟಲೆ ಚೆನ್ನಾಗಿ ಓಡಿದ ಮಾದರಿ ರೈಲು, ಪ್ರದರ್ಶನದ ಹಾಲ್‌ಗೆ ಹೋದ ಕೂಡಲೇ ಹಳಿ ತಪ್ಪುತ್ತದೆ. ಹಳಿ ಹಾಕಿದ ಹಲಗೆಯನ್ನು ತುಂಡುತುಂಡಾಗಿ ಕಟ್ಟಿ ಹಾಲ್‌ನಲ್ಲಿ ಸಾಲಾಗಿ ಜೋಡಿಸುತ್ತೇವಲ್ಲ, ಅದರ ಒಂದೊಂದು ತುಂಡೂ ಒಂದು ಮಾಡ್ಯೂಲ್. ಮಾಡ್ಯೂಲ್ ಕಟ್ಟುವವರಲ್ಲಿ ಇದನ್ನು ಅನುಭವಿಸದವರು ಕಡಿಮೆ. ಆಗ ನಮ್ಮ ಕೈ ಮೊದಲು ಹೋಗುವುದು ಹಳಿಯ ಕಡೆಗೆ. ಇಕ್ಕಳ ತಗೊಂಡು ಬಗ್ಗಿಸುತ್ತೇವೆ, ಅರ ತಗೊಂಡು ಉಜ್ಜುತ್ತೇವೆ. ಆದರೆ ಹೆಚ್ಚಿನ ಸಲ ತಪ್ಪು ಹಳಿಯಲ್ಲಿ ಇರುವುದೇ ಇಲ್ಲ. ಅದರ ಕೆಳಗಿನ ಹಲಗೆಯಲ್ಲೋ, ಕಾಲಿನಲ್ಲೋ, ನೆಲದಲ್ಲೋ ಇರುತ್ತದೆ. ಒಮ್ಮೆ ಬಗ್ಗಿಸಿದ ಹಳಿ ಮೊದಲಿನ ಹಾಗೆ ನೆಟ್ಟಗಾಗುವುದು ಕಷ್ಟ. ಅದಕ್ಕೇ ನಾನು ಹೇಳುವುದು ಇಷ್ಟು: ನೆಲದಿಂದ ಶುರು ಮಾಡಿ ಮೇಲಕ್ಕೆ ನೋಡುತ್ತಾ ಬನ್ನಿ. ಹಳಿಯನ್ನು ಕೊನೆಗೆ ಮುಟ್ಟಿ.

ಇಲ್ಲಿ ನನ್ನ ಮನಸ್ಸಿನಲ್ಲಿರುವುದು ಎಚ್‌ಒ ಅಳತೆ. ಅಂದರೆ ನಿಜವಾದ ರೈಲಿನ 87ರಲ್ಲಿ 1 ಪಾಲು, ಹಳಿಗಳ ನಡುವೆ 16.5 ಮಿ.ಮೀ. ಮಾಡ್ಯೂಲ್ ಸುಮಾರು 1.2 ಮೀಟರ್ ಉದ್ದ, 60 ಸೆಂ.ಮೀ. ಅಗಲ. ಪ್ಲೈವುಡ್ ಚೌಕಟ್ಟು, ಮೇಲೆ ಫೋಮ್ ಹಾಳೆ, ಬಿಚ್ಚಿ ತೆಗೆಯಬಹುದಾದ ನಾಲ್ಕು ಕಾಲು. ನಿಮ್ಮದು 160ರಲ್ಲಿ 1ರ ಎನ್ ಅಳತೆ ಆಗಿದ್ದರೂ ವಿಧಾನ ಇದೇ. ಅಲ್ಲಿ ಹಳಿಗಳ ನಡುವೆ ಬರೀ 9 ಮಿ.ಮೀ. ಇರುವುದರಿಂದ ಇನ್ನೂ ಸ್ವಲ್ಪ ಹುಷಾರಾಗಿ ಅಳೆಯಬೇಕು, ಅಷ್ಟೆ.

ಪರೀಕ್ಷೆಗೆ ದುಬಾರಿ ಸಾಮಾನು ಬೇಡ. ಒಂದು ರಸಮಟ್ಟ, ಒಂದು ಮೂಲೆಮಟ್ಟ, ಗಟ್ಟಿ ದಾರ, ಟಾರ್ಚು, ಒಂದೆರಡು ಹಳೇ ವಿಸಿಟಿಂಗ್ ಕಾರ್ಡು, ಸಾದಾ ಮಲ್ಟಿಮೀಟರ್. ಇವಿಷ್ಟು ಡಬ್ಬಿಯಲ್ಲಿದ್ದರೆ ಸಾಕು.

ಎರಡು ಮಾಡ್ಯೂಲ್ ಸೇರುವ ಕಡೆಯೇ ಹಳಿ ತಪ್ಪುತ್ತದೆ

ಮೊದಲು ಎಂಜಿನ್ ಪಕ್ಕಕ್ಕಿಡಿ. ಒಂದೇ ಒಂದು ವ್ಯಾಗನ್ ತಗೊಂಡು ಬೆರಳಿನಿಂದ ಮೆಲ್ಲಗೆ ತಳ್ಳಿ. ಆ ಕಡೆಯಿಂದ ಈ ಕಡೆಗೆ, ಆಮೇಲೆ ಈ ಕಡೆಯಿಂದ ಆ ಕಡೆಗೆ. ಇನ್ನೊಂದು ವ್ಯಾಗನ್ ತಗೊಂಡು ಅದನ್ನೇ ಮಾಡಿ. ಒಂದೇ ವ್ಯಾಗನ್ ಮಾತ್ರ ಬೀಳುತ್ತಿದ್ದರೆ ತಪ್ಪು ಅದರ ಚಕ್ರದಲ್ಲಿದೆ, ಮಾಡ್ಯೂಲಿನಲ್ಲಲ್ಲ. ಎಲ್ಲವೂ ಬೀಳುತ್ತಿದ್ದರೆ ಮುಂದೆ ಓದಿ.

ಒಂದು ದಿಕ್ಕಿನಲ್ಲಿ ಸರಿಯಾಗಿ ಹೋಗಿ, ಎದುರು ದಿಕ್ಕಿನಲ್ಲಿ ಮಾತ್ರ ಬೀಳುತ್ತದೆಯೇ? ಹಾಗಾದರೆ ಅಲ್ಲಿ ಮೆಟ್ಟಿಲಿದೆ. ಚಕ್ರ ಮೆಟ್ಟಿಲು ಇಳಿಯುತ್ತದೆ, ಹತ್ತುವುದಿಲ್ಲ. ಎಚ್‌ಒ ಚಕ್ರಕ್ಕೆ ಒಳಬದಿಯಲ್ಲಿ ಒಂದು ಅಂಚು ಇರುತ್ತದಲ್ವಾ, ಫ್ಲ್ಯಾಂಜ್ ಅಂತಾರೆ, ಚಕ್ರವನ್ನು ಹಳಿಯ ಮೇಲೆ ಹಿಡಿದಿಡುವುದು ಅದೇ. ಅದರ ಆಳ ಸುಮಾರು 0.6 ಮಿ.ಮೀ. ಮಾತ್ರ. ಹೀಗಿರುವಾಗ ಅರ್ಧ ಮಿಲಿಮೀಟರ್ ಮೆಟ್ಟಿಲು ಕೂಡ ಜಾಸ್ತಿಯೇ. ಕಣ್ಣಿಗೆ ಅದು ಕಾಣದು, ಉಗುರಿಗೆ ಗೊತ್ತಾಗುತ್ತದೆ. ಉಗುರನ್ನು ಹಳಿಯ ತಲೆಯ ಮೇಲೆ ಜಾರಿಸಿ ನೋಡಿ. ಎಲ್ಲಿ ತಡೆಯುತ್ತದೋ ಅಲ್ಲಿ ಮೆಟ್ಟಿಲು.

ಈಗ ಹಳಿಯನ್ನು ಬಿಟ್ಟು ಕೆಳಗೆ ಬನ್ನಿ. ಎರಡು ಮಾಡ್ಯೂಲುಗಳನ್ನು ಸೇರಿಸಿ ಹಿಡಿದಿರುವ ಕ್ಲ್ಯಾಂಪ್ ಸಡಿಲಿಸಿ. ಅದು ಬಿಗಿಯಾಗಿದ್ದಾಗ ಕಾಲಿನ ಎತ್ತರ ಬದಲಿಸಿದರೆ ಏನೂ ಪ್ರಯೋಜನವಿಲ್ಲ, ಚೌಕಟ್ಟು ಬಾಗುತ್ತದೆ ಅಷ್ಟೆ. ಎರಡೂ ಮಾಡ್ಯೂಲುಗಳನ್ನು ಬೇರೆಬೇರೆಯಾಗಿ ರಸಮಟ್ಟ ಇಟ್ಟು ಸರಿ ಮಾಡಿ. ಉದ್ದಕ್ಕೂ ನೋಡಿ, ಅಡ್ಡಕ್ಕೂ ನೋಡಿ. ಆಮೇಲೆ ಹಳಿಯ ತಲೆ ಕೂಡುವಂತೆ ಹಿಡಿದು, ಕೊನೆಗೆ ಕ್ಲ್ಯಾಂಪ್ ಬಿಗಿಸಿ. ಬಹಳ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಮುಗಿಯಲಿಲ್ಲವೇ? ಮಾಡ್ಯೂಲುಗಳನ್ನು ಸ್ವಲ್ಪ ದೂರ ಸರಿಸಿ, ಒಂದಕ್ಕೊಂದು ತಾಗುವ ಎರಡರ ತುದಿಹಲಗೆಗಳನ್ನೂ ಕೈಯಿಂದ ಸವರಿ. ಒಂದು ಸಲ ನಮ್ಮ ಗುಂಪು ಇಡೀ ಬೆಳಗ್ಗೆ ಒಂದು ಜೋಡಣೆಯ ಮೇಲೆ ಕಳೆಯಿತು. ಸಂಜೆ ಬಿಚ್ಚಿದಾಗ ಕಂಡದ್ದು ಏನು? ತುದಿಹಲಗೆಗೆ ಅಂಟಿ ಒಣಗಿದ್ದ ಫೆವಿಕಾಲ್ ಗಂಟು, ಸಾಸಿವೆ ಕಾಳಿನಷ್ಟು ದೊಡ್ಡದು. ಉಪ್ಪು ಕಾಗದದಿಂದ ಎರಡು ಸಲ ಉಜ್ಜಿದ್ದೇ ತಡ, ರೈಲು ಓಡಿತು. ಅಂದಿನಿಂದ ತುದಿಹಲಗೆ ಒರೆಸದೆ ನಾವು ಜೋಡಿಸುವುದಿಲ್ಲ.

ಹಲಗೆ ಚೊಕ್ಕಟವಾಗಿದ್ದರೂ ತೊಂದರೆ ಇದ್ದರೆ ಸಂದಿಯನ್ನು ನೋಡಿ. ಹಿಂದಿನಿಂದ ಟಾರ್ಚು ಹಿಡಿಯಿರಿ, ಬೆಳಕು ಎಲ್ಲಿ ಹಾಯುತ್ತದೆ ನೋಡಿ. ಮೇಲೆ ಸಂದಿ ಇದ್ದು ಕೆಳಗೆ ಕೂಡಿದ್ದರೆ, ಇಲ್ಲವೇ ಕೆಳಗೆ ಸಂದಿ ಇದ್ದು ಮೇಲೆ ಕೂಡಿದ್ದರೆ, ತುದಿಹಲಗೆ ನೆಟ್ಟಗೆ ನಿಂತಿಲ್ಲ. 10 ಸೆಂ.ಮೀ. ಎತ್ತರದ ಹಲಗೆ ಒಂದೇ ಒಂದು ಡಿಗ್ರಿ ವಾಲಿದರೂ ಮೇಲಂಚಿಗೂ ಕೆಳಂಚಿಗೂ 1.7 ಮಿ.ಮೀ. ವ್ಯತ್ಯಾಸ ಬರುತ್ತದೆ. ಎಡಕ್ಕೆ ಕೂಡಿ ಬಲಕ್ಕೆ ಸಂದಿ ಬಿಟ್ಟಿದ್ದರೆ ಚೌಕಟ್ಟಿನ ಮೂಲೆಯೇ ಓರೆ. ಮೂಲೆಯಿಂದ ಒಂದು ಬದಿಗೆ 30 ಸೆಂ.ಮೀ., ಇನ್ನೊಂದು ಬದಿಗೆ 40 ಸೆಂ.ಮೀ. ಗುರುತು ಹಾಕಿ. ಎರಡು ಗುರುತುಗಳ ನಡುವೆ ಸರಿಯಾಗಿ 50 ಇರಬೇಕು. ಮನೆ ಕಟ್ಟುವ ಮೇಸ್ತ್ರಿಗಳು ಪಾಯ ಗುರುತಿಸುವುದೂ ಇದೇ ಲೆಕ್ಕದಲ್ಲಿ.

ಅಂದಿನ ಪ್ರದರ್ಶನ ದಾಟಿಸಲು ವಿಸಿಟಿಂಗ್ ಕಾರ್ಡನ್ನು ಸಂದಿಯಲ್ಲಿ ತೂರಿಸಿ ಕ್ಲ್ಯಾಂಪ್ ಹಾಕಬಹುದು. ಅದರಲ್ಲಿ ತಪ್ಪಿಲ್ಲ. ಆದರೆ ಮನೆಗೆ ಬಂದ ಮೇಲೆ ಆ ತುದಿಹಲಗೆಯನ್ನು ಬಿಚ್ಚಿ ಮತ್ತೆ ಕೂರಿಸಿ. ಓರೆ ಕತ್ತರಿಸಿದ ಹಲಗೆಯನ್ನು ಕೈಗರಗಸದಲ್ಲಿ ಸರಿಮಾಡಲು ಹೋಗಬೇಡಿ. ಟೇಬಲ್ ಗರಗಸ ಇರುವ ಕಾರ್ಪೆಂಟರ್ ಹತ್ತಿರ ಹೋಗಿ. ಎಲ್ಲ ಮಾಡ್ಯೂಲಿನ ತುದಿಹಲಗೆಗಳನ್ನೂ ಒಂದೇ ದಿನ, ಒಂದೇ ಅಳತೆಗೆ ಇಟ್ಟು ಕೊಯ್ಸಿಕೊಳ್ಳಿ. ಹಣ ಖರ್ಚು ಮಾಡಲೇಬೇಕಾದ ಜಾಗ ಇದು ಅಂತ ನನ್ನ ಗಟ್ಟಿ ಅಭಿಪ್ರಾಯ. ಉಳಿದದ್ದೆಲ್ಲ ಮನೆಯಲ್ಲೇ ಆಗುತ್ತದೆ.

ಬೋಲ್ಟು ಹಾಕಿ ಜೋಡಿಸುವವರು ಇನ್ನೊಂದು ವಿಷಯ ಗಮನಿಸಿ. ಬೋಲ್ಟಿನ ಕೆಲಸ ಎಳೆದು ಹಿಡಿಯುವುದು, ಸರಿಯಾದ ಜಾಗಕ್ಕೆ ತರುವುದಲ್ಲ. 8 ಮಿ.ಮೀ. ಬೋಲ್ಟಿಗೆ 10 ಮಿ.ಮೀ. ತೂತು ಇದ್ದರೆ ಮಾಡ್ಯೂಲ್ ಎರಡು ಮಿಲಿಮೀಟರ್ ಎತ್ತಲಾದರೂ ಜರುಗಬಹುದು. ಪ್ರತಿ ಸಲವೂ ಒಂದೇ ಜಾಗಕ್ಕೆ ಬರಬೇಕಾದರೆ ಬಿಗಿಯಾಗಿ ಕೂರುವ ಎರಡು ಲೋಹದ ಗೂಟಗಳು ಬೇಕು. ಒಂದು ಹಲಗೆಯಲ್ಲಿ ಗೂಟ, ಎದುರಿನದರಲ್ಲಿ ಅದಕ್ಕೆ ಸರಿಹೊಂದುವ ಹಿತ್ತಾಳೆ ಗೂಡು. ಆದರೆ ಇದು ನಿಮ್ಮದೇ ಎರಡು ಮಾಡ್ಯೂಲುಗಳ ನಡುವೆ ಮಾತ್ರ ಚೆನ್ನ. ಯಾರ ಮಾಡ್ಯೂಲ್ ಯಾರದಕ್ಕಾದರೂ ಸೇರಬೇಕು ಅಂದರೆ ಕ್ಲ್ಯಾಂಪ್ ಒಳ್ಳೆಯದು, ಇಲ್ಲವೇ ಸಡಿಲ ತೂತಿನ ಬೋಲ್ಟು. ಆಗ ಕೈಯಿಂದಲೇ ಹೊಂದಿಸಿ ಬಿಗಿಸಬೇಕಾಗುತ್ತದೆ.

ಇಷ್ಟೆಲ್ಲ ಆದಮೇಲೂ ಬೀಳುತ್ತಿದ್ದರೆ ಈಗ ಹಳಿಯನ್ನು ನೋಡಿ. ಸಾಗಿಸುವಾಗ ಹಳಿಯ ತುದಿ ಯಾವುದಕ್ಕೋ ತಗಲಿ ಕಿತ್ತು ಬಂದಿರುತ್ತದೆ. ಬೆರಳಿನಿಂದ ಒತ್ತಿದರೆ ಕೆಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಯುರೋಪಿನ ಫ್ರೆಮೊ ಪದ್ಧತಿಯಲ್ಲಿ ಹಳಿ ತುದಿಹಲಗೆಯ ಅಂಚಿನವರೆಗೂ ಬರುತ್ತದೆ. ಅಲ್ಲಿ ಈ ಅಪಾಯ ಜಾಸ್ತಿ. ಅಮೆರಿಕದಲ್ಲಿ 1970ರ ದಶಕದಲ್ಲಿ ಶುರುವಾದ ಎನ್‌ಟ್ರ್ಯಾಕ್ ಪದ್ಧತಿಯಲ್ಲಿ ಹಳಿ ಸ್ವಲ್ಪ ಒಳಗೇ ನಿಲ್ಲುತ್ತದೆ, ನಡುವೆ ಒಂದು ಸಣ್ಣ ತುಂಡು ಹಳಿ ಸೇರಿಸುತ್ತಾರೆ. ಅಂಚಿನವರೆಗೂ ಹಳಿ ಇದ್ದರೆ, ತುದಿಯಲ್ಲಿ ಎರಡು ಹಿತ್ತಾಳೆ ಸ್ಕ್ರೂ ಇಳಿಸಿ, ಅವುಗಳ ತಲೆಗೆ ಹಳಿಯನ್ನು ಬೆಸುಗೆ ಹಾಕಿ. ಬೆಸುಗೆ ಹಾಕುವಾಗ ಕಿಟಕಿ ತೆಗೆದಿರಲಿ. ಮುಖವನ್ನು ಹೊಗೆಗೆ ಒಡ್ಡಬೇಡಿ. ಸೋಲ್ಡರಿನಲ್ಲಿ ಸೀಸ ಇರಬಹುದು, ಕೈ ತೊಳೆಯದೆ ಏನೂ ತಿನ್ನಬೇಡಿ. ಹಳಿಗೆ ಹೆಚ್ಚು ಹೊತ್ತು ಬಿಸಿ ಕೊಟ್ಟರೆ ಪ್ಲಾಸ್ಟಿಕ್ ಸ್ಲೀಪರ್ ಕರಗುತ್ತದೆ, ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಳ್ಳಿ.

ಜನ ಹತ್ತಿರ ಬಂದರೆ ಮಾಡ್ಯೂಲ್ ಅಲುಗಾಡುತ್ತದೆ

ಮೊದಲು ಕೆಳಗೆ ಬಗ್ಗಿ ಕಾಲುಗಳನ್ನು ನೋಡಿ. ನಾಲ್ಕೂ ನೆಲ ಮುಟ್ಟಿವೆಯೇ? ಪ್ರತಿ ಕಾಲಿನ ಕೆಳಗೆ ಕಾಗದ ಇಟ್ಟು ಎಳೆಯಿರಿ. ಸುಲಭವಾಗಿ ಬಂದರೆ ಆ ಕಾಲು ಗಾಳಿಯಲ್ಲಿದೆ. ಶಾಲೆಯ ಹಾಲ್, ಕಲ್ಯಾಣ ಮಂಟಪ, ಎಲ್ಲಿಯೂ ನೆಲ ಪೂರ್ತಿ ಮಟ್ಟ ಇರುವುದಿಲ್ಲ. ತೊಳೆದ ನೀರು ಹರಿದು ಹೋಗಲಿ ಅಂತ ಬೇಕೆಂದೇ ಇಳಿಜಾರು ಕೊಟ್ಟಿರುತ್ತಾರೆ.

ಕಾಲಿನ ತಳಕ್ಕೆ ಒಂದು ನಟ್ಟು ಹುದುಗಿಸಿ, ಅದಕ್ಕೆ 8 ಮಿ.ಮೀ. ಬೋಲ್ಟು ತಿರುಗಿಸಿದರೆ ಎತ್ತರ ಹೊಂದಿಸಬಹುದು. ಸಾಮಾನ್ಯ ಎಂ8 ಬೋಲ್ಟು ಒಂದು ಸುತ್ತಿಗೆ 1.25 ಮಿ.ಮೀ. ಏರುತ್ತದೆ. ಅರ್ಧ ಸುತ್ತು ಅಂದರೆ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಇಷ್ಟು ನಯವಾಗಿ ಹೊಂದಿಸಲು ಬೇರೆ ಯಾವುದೂ ಇಷ್ಟು ಅಗ್ಗದಲ್ಲಿ ಸಿಗುವುದಿಲ್ಲ.

ನಾಲ್ಕೂ ಕಾಲು ನೆಲ ಮುಟ್ಟಿ, ಆದರೂ ತೂಗುತ್ತಿದ್ದರೆ ಯಾವ ದಿಕ್ಕಿಗೆ ತೂಗುತ್ತದೆ ನೋಡಿ. ಉದ್ದದ ದಿಕ್ಕಿಗೆ ಆದರೆ ಆ ದಿಕ್ಕಿನಲ್ಲಿ ಓರೆಪಟ್ಟಿ ಇಲ್ಲ ಅಂತ ಅರ್ಥ. ಕಾಲಿನ ನಡುವಿನಿಂದ ಚೌಕಟ್ಟಿಗೆ ಒಂದು ತೆಳು ರೀಪರ್ ಪಟ್ಟಿ ಓರೆಯಾಗಿ ಕೊಟ್ಟರೆ ನಿಲ್ಲುತ್ತದೆ. ಕಾಲನ್ನು ದಪ್ಪ ಮಾಡುವುದರಿಂದ ಇದು ಸರಿಹೋಗದು, ತೂಕ ಮಾತ್ರ ಏರುತ್ತದೆ.

ಎತ್ತರದ ಬಗ್ಗೆ ಒಂದು ಎಚ್ಚರಿಕೆ. ಎನ್‌ಟ್ರ್ಯಾಕ್‌ನಲ್ಲಿ ಹಳಿ ನೆಲದಿಂದ 40 ಇಂಚು ಎತ್ತರದಲ್ಲಿ ಇರುತ್ತದೆ. ಅಮೆರಿಕದ್ದೇ ಇನ್ನೊಂದು ಪದ್ಧತಿಯಾದ ಫ್ರೀ-ಮೊದಲ್ಲಿ 50 ಇಂಚು, ಫ್ರೆಮೊದಲ್ಲಿ 1300 ಮಿ.ಮೀ. ಆ ಎತ್ತರದಲ್ಲಿ ರೈಲು ನೋಡಲು ಬಹಳ ಸೊಗಸು, ಕಣ್ಣಿನ ಮಟ್ಟಕ್ಕೆ ಬರುತ್ತದೆ. ಆದರೆ ಹಗುರವಾದ ಮಾಡ್ಯೂಲ್ ಎತ್ತರದ ಕಾಲಿನ ಮೇಲೆ ಒಂಟಿಯಾಗಿ ನಿಂತರೆ ಮಗು ಜೋತುಬಿದ್ದರೂ ಮಗುಚುತ್ತದೆ. ಪಕ್ಕದ ಮಾಡ್ಯೂಲಿಗೆ ಸೇರಿಸುವ ತನಕ ಒಬ್ಬರು ಹಿಡಿದುಕೊಂಡೇ ಇರಲಿ. ಮುಂದೆ ಹಗ್ಗ ಕಟ್ಟಿ. ಕಾಲಿನ ಮರ ಸೀಳಿದ್ದರೆ ಟೇಪು ಸುತ್ತಿ ಕೆಲಸ ಸಾಗಿಸಬೇಡಿ, ಆ ಮಾಡ್ಯೂಲನ್ನು ಅಂದು ಬಿಟ್ಟುಬಿಡಿ.

ಉದ್ದ ರೈಲು ಎಳೆಯದೆ ಎಂಜಿನ್ ಚಕ್ರ ಜಾರುತ್ತದೆ

ಎಂಜಿನ್ ಹಾಳಾಗಿದೆ ಅಂತ ಬಿಚ್ಚಬೇಡಿ. ಉದ್ದಕ್ಕೂ ರಸಮಟ್ಟ ಇಡಿ. 1.2 ಮೀಟರ್ ಮಾಡ್ಯೂಲಿನ ಒಂದು ತುದಿ 24 ಮಿ.ಮೀ. ತಗ್ಗಿದ್ದರೆ ಅದು 50ಕ್ಕೆ 1ರ ಏರು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿ ಮಾರ್ಗದ ಏರು ಇಷ್ಟೇ ಇದೆ. ಅಲ್ಲಿ ಸರಕು ರೈಲಿಗೆ ಹೆಚ್ಚುವರಿ ಎಂಜಿನ್ ಹಾಕುತ್ತಾರೆ. ನಮಗೆ ತಿಳಿಯದೆ ನಾವೇ ಹಾಲ್‌ನಲ್ಲಿ ಒಂದು ಘಾಟಿ ಕಟ್ಟಿರುತ್ತೇವೆ! ಮಾಡ್ಯೂಲ್ ಸಾಲಿನ ಎರಡು ಕೊನೆಗಳ ನಡುವೆ ದಾರ ಎಳೆದು ಕಟ್ಟಿ, ಹಾಲ್‌ನ ಅತಿ ಎತ್ತರದ ಜಾಗದಿಂದ ಮಟ್ಟ ಹಿಡಿಯಲು ಶುರು ಮಾಡಿ. ತಗ್ಗಿನಿಂದ ಶುರು ಮಾಡಿದರೆ ಕೊನೆಗೆ ಕಾಲಿನ ಬೋಲ್ಟು ಪೂರ್ತಿ ಒಳಗೆ ಹೋದರೂ ಎತ್ತರ ಇಳಿಯುವುದಿಲ್ಲ.

ನಡುವೆ ಬಾಗಿದೆ, ಇಲ್ಲವೇ ತಿರುಚಿದೆ

ಇವೆರಡೂ ಬೇರೆ ಬೇರೆ ರೋಗ. ಮದ್ದೂ ಬೇರೆ.

ಬಾಗಿದೆಯೇ ಅಂತ ನೋಡಲು ಒಂದು ತುದಿಯಿಂದ ಇನ್ನೊಂದು ತುದಿಗೆ ದಾರವನ್ನು ಬಿಗಿಯಾಗಿ ಎಳೆಯಿರಿ. ನಡುವೆ ಎಷ್ಟು ಸಂದಿ ಇದೆ ಅಳೆಯಿರಿ. ಒಂದು ಮಿಲಿಮೀಟರ್ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕೈದು ಇದ್ದರೆ ಉದ್ದದ ಬದಿಪಟ್ಟಿಗಳು ಗಿಡ್ಡವಾಗಿವೆ. ಇಲ್ಲಿ ಒಂದು ಲೆಕ್ಕ ನೆನಪಿಡಿ: ಪಟ್ಟಿಯ ದಪ್ಪ ಇಮ್ಮಡಿ ಮಾಡಿದರೆ ಗಟ್ಟಿತನವೂ ಇಮ್ಮಡಿ. ಆದರೆ ಎತ್ತರ ಇಮ್ಮಡಿ ಮಾಡಿದರೆ ಗಟ್ಟಿತನ ಎಂಟು ಪಟ್ಟು. 18 ಮಿ.ಮೀ. ದಪ್ಪದ ಗಿಡ್ಡ ಪಟ್ಟಿಗಿಂತ 6 ಮಿ.ಮೀ. ದಪ್ಪದ, 10 ಸೆಂ.ಮೀ. ಎತ್ತರದ ಪ್ಲೈವುಡ್ ಪಟ್ಟಿ ಎಷ್ಟೋ ಮೇಲು.

ತಿರುಚಿದ್ದನ್ನು ನೋಡಲು ನೆಟ್ಟಗಿರುವ ಎರಡು ಪಟ್ಟಿ ಬೇಕು. ಎರಡೂ ತುದಿಗಳ ಮೇಲೆ ಅಡ್ಡಲಾಗಿ ಒಂದೊಂದು ಇಡಿ. ಬಗ್ಗಿ ಒಂದು ಕಣ್ಣಿನಿಂದ ನೋಡಿ. ಮುಂದಿನ ಪಟ್ಟಿಯ ಅಂಚೂ ಹಿಂದಿನ ಪಟ್ಟಿಯ ಅಂಚೂ ಒಂದೇ ಗೆರೆಯಲ್ಲಿ ಕಾಣಬೇಕು. ಓರೆ ಕಂಡರೆ ಚೌಕಟ್ಟು ತಿರುಚಿದೆ. ಮಾಡ್ಯೂಲನ್ನು ಬರೀ ಒಂದು ಮೂಲೆಯ ಮೇಲೆ ಗೋಡೆಗೆ ಒರಗಿಸಿಟ್ಟರೆ ಹೀಗಾಗುತ್ತದೆ. ಕಾರಿನಲ್ಲಿ ಸೂಟ್‌ಕೇಸಿನ ಮೇಲೆ ಹೇಗೋ ಇಟ್ಟರೂ ಆಗುತ್ತದೆ.

ನಾಲ್ಕು ಪಟ್ಟಿಯ ಬರಿಯ ಚೌಕಟ್ಟು ತಿರುಚುವುದನ್ನು ತಡೆಯುವುದಿಲ್ಲ. ಮುಚ್ಚಳ ತೆಗೆದ ಬೂಟಿನ ಡಬ್ಬಿಯನ್ನು ಎರಡು ಕೈಯಲ್ಲಿ ತಿರುಚಿ ನೋಡಿ, ಸುಲಭವಾಗಿ ತಿರುಗುತ್ತದೆ. ಮುಚ್ಚಳ ಹಾಕಿ ಅಂಟಿಸಿದರೆ ಅಲ್ಲಾಡುವುದಿಲ್ಲ. ಮಾಡ್ಯೂಲಿಗೂ ಅದೇ. ಮಟ್ಟವಾದ ನೆಲದ ಮೇಲೆ ಮಗುಚಿಟ್ಟು, ತೂಕ ಹೇರಿ ನೆಟ್ಟಗೆ ಮಾಡಿ, ಕೆಳಗಡೆ 3 ಅಥವಾ 4 ಮಿ.ಮೀ. ಪ್ಲೈವುಡ್ ಹಾಳೆಯನ್ನು ಫೆವಿಕಾಲ್ ಹಾಕಿ ಅಂಟಿಸಿ. ಒಂದು ದಿನ ತೂಕ ತೆಗೆಯಬೇಡಿ. ತಂತಿ ಕೆಲಸಕ್ಕೆ ಕೈ ಹೋಗುವಷ್ಟು ದುಂಡು ಕಿಂಡಿಗಳನ್ನು ಮೊದಲೇ ಕತ್ತರಿಸಿಕೊಳ್ಳಿ. ಆ ಕಿಂಡಿಗಳಿಂದ ತೂಕವೂ ಇಳಿಯುತ್ತದೆ. ಕತ್ತರಿಸುವಾಗ ಮಾಸ್ಕ್, ಕನ್ನಡಕ ಹಾಕಿ. ಪ್ಲೈವುಡ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಒಬ್ಬರಿಂದ ಎತ್ತಲು ಆಗುತ್ತಿಲ್ಲ

ಭಾರ ಎಲ್ಲಿದೆ ಅಂತ ಲೆಕ್ಕ ಹಾಕಿ. 1.2 ಮೀಟರ್‌ಗೆ 60 ಸೆಂ.ಮೀ. ಅಳತೆಯ 18 ಮಿ.ಮೀ. ಪ್ಲೈವುಡ್ ಹಲಗೆ ಒಂದೇ ಸುಮಾರು 8 ಕಿಲೋ ತೂಗುತ್ತದೆ. ಅದೇ 6 ಮಿ.ಮೀ. ಆದರೆ 3 ಕಿಲೋಗಿಂತ ಕಡಿಮೆ. ಕಟ್ಟಡಗಳ ಚಾವಣಿಗೆ ಬಿಸಿಲು ತಡೆಯಲು ಹಾಕುವ, ಕಾಳಿಲ್ಲದ ಗಟ್ಟಿ ಫೋಮ್ ಹಾಳೆ 50 ಮಿ.ಮೀ. ದಪ್ಪದ್ದು ಇದ್ದರೂ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ದಪ್ಪ ಹಲಗೆ ತೆಗೆದು, ತೆಳು ಪ್ಲೈವುಡ್ ಮೇಲೆ ಫೋಮ್ ಹಾಕಿ. ಇನ್ನೊಂದು ಗುಟ್ಟಾದ ಭಾರ ಬೆಟ್ಟಗುಡ್ಡಕ್ಕೆ ಮೆತ್ತಿದ ಪ್ಲಾಸ್ಟರ್. ಅದನ್ನು ತೆಳ್ಳಗೆ ಬಳಿಯಿರಿ. ಸೊಂಟ ಹಿಡಿದವರು ಒಂಟಿಯಾಗಿ ಎತ್ತಬೇಡಿ, ಇಬ್ಬರು ಸೇರಿ ಎತ್ತಿ.

ಫೋಮಿನಲ್ಲಿ ಗುಂಡಿ ಬಿದ್ದಿದೆ

ಅಂಟು ತಿಂದಿದೆ. ಪಾದರಕ್ಷೆಗೆ, ಲ್ಯಾಮಿನೇಟಿಗೆ ಬಳಸುವ ಘಾಟು ವಾಸನೆಯ ರಬ್ಬರ್ ಅಂಟು ಥರ್ಮಾಕೋಲನ್ನೂ ಫೋಮನ್ನೂ ಕರಗಿಸುತ್ತದೆ. ಸ್ಪ್ರೇ ಪೇಂಟೂ ಹಾಗೇ. ನೀರಿನಲ್ಲಿ ಬೆರೆಯುವ ಬಿಳಿ ಫೆವಿಕಾಲ್ ಮತ್ತು ನೀರಿನ ಬಣ್ಣ ಬಳಸಿ. ಎರಡು ಫೋಮ್ ಹಾಳೆಗಳ ನಡುವೆ ಗಾಳಿ ಆಡದು, ಅಲ್ಲಿ ಫೆವಿಕಾಲ್ ಒಣಗಲು ದಿನಗಟ್ಟಲೆ ಬೇಕು. ಕಾಯಿರಿ. ಬಿಸಿ ತಂತಿಯಿಂದ ಫೋಮ್ ಕತ್ತರಿಸುವುದಾದರೆ ಬಯಲಲ್ಲಿ ಮಾಡಿ, ಆ ಹೊಗೆ ಕೆಟ್ಟದ್ದು.

ಮಳೆಗಾಲ ಬಂದು ಹೋಯಿತು, ಹಳಿ ಸೊಟ್ಟಗಾಯಿತು

ಬಿಸಿಲಿಗೆ ಹಳಿ ಹಿಗ್ಗಿತು ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ನೋಡಿದರೆ ಅದು ಸಣ್ಣದು. 1.2 ಮೀಟರ್ ನಿಕಲ್ ಸಿಲ್ವರ್ ಹಳಿ 20 ಡಿಗ್ರಿ ಬಿಸಿ ಏರಿದಾಗ ಹಿಗ್ಗುವುದು ಸುಮಾರು 0.4 ಮಿ.ಮೀ. ಇದಕ್ಕೆ ನಡುವೆ ಒಂದು ಕಡೆ ಕಾರ್ಡು ತೂರುವಷ್ಟು ಸಂದಿ ಬಿಟ್ಟರೆ ಆಯಿತು. ನಿಜವಾದ ತೊಂದರೆ ಮರ. ತೇವ ಕುಡಿದ ಮರ ನಾರಿನ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಅಗಲಕ್ಕೆ ಬೆಳೆಯುತ್ತದೆ. ಒಣಗಿದಾಗ ಕುಗ್ಗುತ್ತದೆ, ಹಳಿ ಮಾತ್ರ ಮೊದಲಿನಷ್ಟೇ ಉದ್ದ ಇರುತ್ತದೆ. ಆಗ ಅದಕ್ಕೆ ಜಾಗ ಸಾಲದೆ ಹೊರಗೆ ಉಬ್ಬುತ್ತದೆ.

ಚೌಕಟ್ಟಿನ ಒಳಗೂ ಹೊರಗೂ ಬಣ್ಣ ಬಳಿದಿದ್ದೀರಾ ನೋಡಿ. ಬಹಳ ಮಂದಿ ಮುಂದಿನ ಬದಿಗೆ ಮಾತ್ರ ಬಳಿಯುತ್ತಾರೆ. ಒಂದೇ ಮುಖ ತೇವ ಕುಡಿದರೆ ಹಲಗೆ ಬಾಗುತ್ತದೆ. ಕೊಯ್ದ ಅಂಚುಗಳಿಗೆ ಎರಡು ಕೋಟು ಕೊಡಿ, ನೀರು ನುಗ್ಗುವುದು ಅಲ್ಲಿಂದಲೇ. ಪ್ಲೈವುಡ್ ಮೇಲೆ ಎಂಆರ್ ಅಂತ ಅಚ್ಚಿದ್ದರೆ ಅದು ತೇವ ತಡೆಯುತ್ತದೆ, ನೀರನ್ನಲ್ಲ. ಮಂಗಳೂರು, ಮಡಿಕೇರಿ ಕಡೆಯವರು ಕುದಿಯುವ ನೀರನ್ನೂ ತಾಳುವ ಬಿಡಬ್ಲ್ಯುಪಿ ದರ್ಜೆಯದ್ದಕ್ಕೆ ಸ್ವಲ್ಪ ಹೆಚ್ಚು ದುಡ್ಡು ಕೊಡುವುದು ಲಾಭ. ಪದರ ಬಿಟ್ಟು ಊದಿಕೊಂಡ ಪ್ಲೈವುಡ್ಡಿಗೆ ರಿಪೇರಿ ಇಲ್ಲ, ಆ ಪಟ್ಟಿಯನ್ನೇ ಬದಲಿಸಿ.

ಒಂದು ಮಾಡ್ಯೂಲಿನಲ್ಲಿ ಮಾತ್ರ ರೈಲು ನಿಧಾನವಾಗುತ್ತದೆ

ಹಳಿ ಒರೆಸಿ. ಆದರೂ ಹಾಗೇ ಇದ್ದರೆ ಮಾಡ್ಯೂಲ್ ಕೆಳಗಿನ ಕನೆಕ್ಟರ್ ಅಲ್ಲಾಡಿಸಿ ನೋಡಿ. ರೈಲು ಒಮ್ಮೆ ಜೋರಾಗಿ ಒಮ್ಮೆ ನಿಧಾನವಾಗಿ ಓಡಿದರೆ ಅಲ್ಲೇ ತಪ್ಪು. ಸಾಗಾಟದ ಕುಲುಕಾಟಕ್ಕೆ ಮೊದಲು ಸಡಿಲವಾಗುವುದು ಇದೇ. ಹಳಿಗೆ ಹಳಿ ಸೇರಿಸುವ ಪಟ್ಟಿಯನ್ನು ಕರೆಂಟ್ ಸಾಗಿಸಲು ನಂಬಬೇಡಿ, ಪ್ರತಿ ಹಳಿ ತುಂಡಿಗೂ ಅದರದ್ದೇ ತಂತಿ ಇರಲಿ.

ದೂರ ಹೋದಂತೆ ಎಲ್ಲ ಮಾಡ್ಯೂಲುಗಳಲ್ಲೂ ನಿಧಾನವಾದರೆ ತಂತಿ ತೆಳುವಾಗಿದೆ. 0.5 ಚದರ ಮಿ.ಮೀ. ತಂತಿಯಲ್ಲಿ 2 ಆಂಪಿಯರ್ ಹರಿದರೆ 10 ಮೀಟರ್ ದೂರಕ್ಕೆ, ಹೋಗಿ ಬರುವುದು ಸೇರಿ, ಸುಮಾರು ಒಂದೂವರೆ ವೋಲ್ಟ್ ಕಳೆದುಹೋಗುತ್ತದೆ. 1.5 ಚದರ ಮಿ.ಮೀ. ತಂತಿಯಲ್ಲಿ ಅರ್ಧ ವೋಲ್ಟ್. ಡಿಜಿಟಲ್ ಕಂಟ್ರೋಲ್ ಬಳಸುವವರು ಪ್ರತಿ ಮಾಡ್ಯೂಲಿನ ಹಳಿಯ ಮೇಲೂ ಒಂದು ನಾಣ್ಯ ಅಡ್ಡ ಇಟ್ಟು ತಕ್ಷಣ ತೆಗೆಯಿರಿ. ಕಂಟ್ರೋಲರ್ ಕೂಡಲೇ ಕಟ್ ಆಗಬೇಕು. ಆಗದಿದ್ದರೆ ರೈಲು ಓಡಿಸಬೇಡಿ. ಶಾರ್ಟ್ ಆದಾಗ ತಂತಿ ಬಿಸಿಯಾಗುತ್ತಲೇ ಹೋಗುತ್ತದೆ, ಅದರ ಪಕ್ಕದಲ್ಲೇ ಫೋಮ್ ಇದೆ.

ಮಾಡ್ಯೂಲಿನೊಳಗೆ 230 ವೋಲ್ಟ್ ತಂತಿ ಎಂದೂ ತರಬೇಡಿ. ಅಡಾಪ್ಟರ್ ಹೊರಗೇ ಇರಲಿ. ಅಡಾಪ್ಟರ್ ಸುಟ್ಟ ವಾಸನೆ ಬಂದರೆ, ಹಾಲ್‌ನ ಸಾಕೆಟ್ಟಿನಲ್ಲಿ ಕಿಡಿ ಕಂಡರೆ, ಲೋಹ ಮುಟ್ಟಿದಾಗ ಜುಮ್ಮೆಂದರೆ ಅಲ್ಲಿಗೇ ನಿಲ್ಲಿಸಿ. ಅದನ್ನು ಬಿಚ್ಚುವುದು ಎಲೆಕ್ಟ್ರಿಷಿಯನ್ ಕೆಲಸ.

ಮಾಡ್ಯೂಲ್ ಕೆಳಗೆ ಹಿಟ್ಟಿನಂಥ ಪುಡಿ

ಹುಳು ಹಿಡಿದಿದೆ. ಮೊದಲು ಆ ಮಾಡ್ಯೂಲನ್ನು ಉಳಿದವುಗಳಿಂದ ದೂರ ಇಡಿ. ಪುಡಿ ಗುಡಿಸಿ, ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಹೊಸ ಪುಡಿ ಬೀಳದಿದ್ದರೆ ಅದು ಹಳೇ ಕಥೆ. ಬಿದ್ದರೆ ತೂತುಗಳನ್ನು ಎಣಿಸಿ. ಒಂದೆರಡಿದ್ದರೆ ಮರದ ಹುಳುವಿನ ಔಷಧಿಯನ್ನು ಸಿರಿಂಜಿನಲ್ಲಿ ತುಂಬಿ ತೂತಿಗೆ ಬಿಡಬಹುದು. ಕೈಗವಸು ಹಾಕಿ, ಮಕ್ಕಳನ್ನು ದೂರ ಇಡಿ. ಫೋಮಿಗೆ ತಾಗದಂತೆ ನೋಡಿಕೊಳ್ಳಿ, ಎಣ್ಣೆ ಬೆರೆಸಿದ ಔಷಧಿ ಅದನ್ನು ಕರಗಿಸುತ್ತದೆ. ತೂತುಗಳು ಸಾಲಾಗಿದ್ದು, ಸ್ಕ್ರೂಡ್ರೈವರ್ ತುದಿ ಒತ್ತಿದರೆ ಮರ ಕುಸಿಯುತ್ತಿದ್ದರೆ ಆ ಚೌಕಟ್ಟನ್ನು ಉಳಿಸಲು ಹೋಗಬೇಡಿ. ಮೇಲಿನ ಫೋಮ್ ಮತ್ತು ಹಳಿಯನ್ನು ಜೋಪಾನವಾಗಿ ಎತ್ತಿ ಹೊಸ ಚೌಕಟ್ಟಿಗೆ ಕೂರಿಸಿ. ಈ ಸಲ ಮೇಲಿನ ತೆಳು ಪ್ಲೈವುಡ್ಡನ್ನು ಅಂಟಿಸದೆ ಎಂಟು ಸ್ಕ್ರೂ ಹಾಕಿ ಕೂರಿಸಿದರೆ, ಮುಂದೆ ಯಾವಾಗ ಬೇಕಾದರೂ ಬಿಚ್ಚಬಹುದು.